ಕಣದಿಂದ ಬಂದ ಉಡಿ

ಕಳೆದ ರಜೆಗೆ ಬಂದಾಗ ನೀವಿಬ್ಬರೂ ಮೊಮ್ಮಕ್ಕಳು ಕೇಳಿದಿರಿ, ಗುರುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಇಷ್ಟು ಹೆಂಗಸರು ಯಾಕೆ ಬಂದು ಕೂಡುತ್ತಾರೆ, ಬೈಬಲ್ ಓದುವುದಾದರೆ ನಡುನಡುವೆ ಇಷ್ಟು ನಗು ಯಾಕೆ, ಒಮ್ಮೊಮ್ಮೆ ಅಳು ಯಾಕೆ ಎಂದು. ಆಗ ನಾನು ರೊಟ್ಟಿ ಬಡಿಯುತ್ತಿದ್ದೆ. "ಸುಮ್ನ ಉಣ್ರಿ" ಎಂದು ಮಾತು ಹಾರಿಸಿದೆ. ನನಗೆ ಬಾಯಿಂದ ಹೇಳಲು ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕಲಿತದ್ದು ಸಂಪಗಾಂವದ ಕನ್ನಡ ಸಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಆಮೇಲೆ ಮದುವೆಯಾಗಿ ಸುರೇಬಾನದ ಹತ್ತಿರದ ಈ ಊರಿಗೆ ಬಂದೆ. ಸಾಲೆಯಲ್ಲಿ ಮಾಸ್ತರರು ಪಾಠ ಓದು ಎಂದರೆ ಎದ್ದು ನಿಲ್ಲುತ್ತಿದ್ದೆ, ಆದರೆ ದನಿ ಹೊರಗೆ ಬರುತ್ತಿರಲಿಲ್ಲ. ಈಗಲೂ ನಾಲ್ಕು ಜನರ ಮುಂದೆ ಮಾತಾಡಬೇಕಾದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತೇನೆ. ನೀವು ಅದನ್ನು ನೋಡಿ ನಕ್ಕಿದ್ದೀರಿ.

ನಮ್ಮ ಮಂದಿ ವೇದ ಎಂದು ಕರೆಯುವ ಬೈಬಲ್ ನಮ್ಮ ಮನೆಯಲ್ಲಿ ನಿಮ್ಮ ಅಜ್ಜನ ಪುಸ್ತಕವಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅವರು ಗಟ್ಟಿಯಾಗಿ ಓದುತ್ತಿದ್ದರು, ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಅದರ ಕನ್ನಡ ನಮ್ಮ ಮನೆಯ ಕನ್ನಡವಲ್ಲ. ಕೇಳುತ್ತ ಕೇಳುತ್ತ ನನ್ನ ಮನಸ್ಸಿನಲ್ಲಿ ಒಂದು ತಿಳಿವಳಿಕೆ ಕೂತುಬಿಟ್ಟಿತ್ತು: ದೇವರು ದೊಡ್ಡ ಊರಿನವನು, ಓದಿದವರ ಕೂಡ ಮಾತಾಡುವವನು, ನಮ್ಮಂಥವರು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡರೆ ಸಾಕು. ಅಜ್ಜ ಹೋದ ಮೇಲೆ ಆ ಪುಸ್ತಕವನ್ನು ಗೂಡಿನಲ್ಲಿಟ್ಟು ಬಟ್ಟೆ ಹೊದಿಸಿದ್ದೆ. ಧೂಳು ಒರೆಸಲು ತೆಗೆಯುತ್ತಿದ್ದೆ, ಅಷ್ಟೆ.

ಅದನ್ನು ನನ್ನ ಕೈಯಲ್ಲಿ ಇಟ್ಟವರು ಅಕ್ಕಾರು. ಅವರು ಕಿತ್ತೂರು ಕಡೆಯ ಸಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಬೈಲಹೊಂಗಲದಲ್ಲೊಮ್ಮೆ, ಸವದತ್ತಿಯಲ್ಲೊಮ್ಮೆ ಬಸ್ಸು ಬದಲಿಸಿ ನಮ್ಮ ಊರಿಗೆ ಬರುತ್ತಿದ್ದರು, ಬಿಸಿಲಿಗೊಂದು ಕರಿ ಕೊಡೆ ಹಿಡಿದುಕೊಂಡು. ನಮ್ಮ ಸಭೆಯ, ಅಂದರೆ ಚರ್ಚಿನ, ಹೆಂಗಸರಿಗೆ ಬೈಬಲ್ ಓದಲು ಕಲಿಸುತ್ತೇನೆ ಎಂದರು. ನಾವು ಪಾಠ ಹೇಳುತ್ತಾರೆ, ಕೇಳಿ ಎದ್ದುಹೋದರಾಯಿತು ಎಂದು ಕೂತೆವು. ಅವರು ಒಂದು ಕಥೆಯನ್ನು ಓದಿದರು, ಪುಸ್ತಕ ಮುಚ್ಚಿದರು, ತೊಡೆಯ ಮೇಲೆ ಇಟ್ಟುಕೊಂಡರು.

"ಈಗ ನೀವು ಹೇಳ್ರಿ. ಇದು ನಿಮ್ಮ ಓಣ್ಯಾಗ ನಡದಿದ್ರ ಹೆಂಗ ನಡೀತಿತ್ತು?"

ಆ ದಿನದ ಕಥೆ, ಒಬ್ಬ ಹೆಂಗಸು ಮನೆಯಲ್ಲಿ ಬೆಳ್ಳಿ ನಾಣ್ಯವೊಂದನ್ನು ಕಳೆದುಕೊಂಡದ್ದು. ಆಕೆ ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕುತ್ತಾಳೆ. ಸಿಕ್ಕಿದ ಮೇಲೆ ಓಣಿಯ ಹೆಂಗಸರನ್ನೆಲ್ಲ ಕರೆದು ಸಂತೋಷ ಮಾಡುತ್ತಾಳೆ.

"ಹಗಲಾಗ ಯಾಕ ದೀಪಾ ಹಚ್ಚಿದ್ಲು?" ಎಂದು ಅಕ್ಕಾರು ಕೇಳಿದರು.

ಅದಕ್ಕೆ ನಮಗೆಲ್ಲರಿಗೂ ಉತ್ತರ ಗೊತ್ತಿತ್ತು. ನಮ್ಮವು ಮಣ್ಣಿನ ಮಾಳಿಗೆಯ ಮನೆಗಳು. ಮೇಲೆ ಒಂದು ಬೆಳಕಿಂಡಿ ಇರುತ್ತದೆ, ಅದರಿಂದ ಅಂಗೈಯಗಲ ಬಿಸಿಲು ಬೀಳುತ್ತದೆ, ಉಳಿದದ್ದೆಲ್ಲ ಹಗಲಲ್ಲೇ ಕತ್ತಲೆ. ಮೂಲೆಯಲ್ಲಿ ಸೂಜಿ ಬಿದ್ದರೂ ಚಿಮಣಿ ಹಿಡಿದೇ ಹುಡುಕಬೇಕು. ಒಬ್ಬಳು ಅದನ್ನು ಹೇಳಿದಳು. ಇನ್ನೊಬ್ಬಳು, ಗುಡಿಸುವಾಗ ನೀರು ಚಿಮುಕಿಸಬಾರದು, ಚಿಮುಕಿಸಿದರೆ ನಾಣ್ಯ ಮಣ್ಣಿಗೆ ಅಂಟುತ್ತದೆ ಎಂದಳು. ಆಗ ಬಾಗಿಲ ಹತ್ತಿರದಿಂದ ನಮ್ಮ ಪಕ್ಕದ ಮನೆಯಾಕೆ ಬಾಯಿ ಹಾಕಿದಳು. ಆಕೆ ನಮ್ಮ ಸಭೆಯವಳಲ್ಲ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ, ಪಾತ್ರೆ ತೊಳೆದಿಟ್ಟು, ಕಥೆ ಕೇಳಲೆಂದು ಬಂದು ಕೂಡುತ್ತಾಳೆ.

"ಓಣಿ ಹೆಂಗಸರನ್ನೆಲ್ಲ ಕರದ್ಲು ಅಂದ್ರ ಚಾ ಮಾಡಿರಬೇಕಲ್ರಿ ಅಕ್ಕಾರ. ಸಿಕ್ಕ ರೊಕ್ಕಕ್ಕಿಂತ ಸಕ್ರಿ ಖರ್ಚ ಜಾಸ್ತಿ ಆಗಿರತೈತಿ."

ಎಲ್ಲರೂ ನಕ್ಕೆವು. ಅಕ್ಕಾರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹೌದು ನೋಡ್ರಿ. ಖರ್ಚು ನೋಡಲಾರದಷ್ಟು ಸಂತೋಷ ಆಕೀಗೆ. ದೇವರ ಸಂತೋಷಾನೂ ಹಂಗ ಅಂತ ಈ ಕಥಿ ಹೇಳತೈತಿ" ಎಂದರು. ನಾನು ಬೆರಳಿಗೆ ಸುತ್ತಿದ ಸೆರಗನ್ನು ಬಿಡುವುದನ್ನೇ ಮರೆತೆ. ದೇವರು ನಮ್ಮ ಓಣಿಯ ಹೆಂಗಸಿನಂತೆ, ಕಸಬರಿಗೆ ಹಿಡಿದು, ಬಾಗಿ, ಮೂಲೆಮೂಲೆ ಹುಡುಕುತ್ತಾನೆಯೇ? ಅಂಥ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೇಳಿರಲಿಲ್ಲ ಎನ್ನುವುದೂ ತಪ್ಪು. ಅಜ್ಜ ಅದೇ ಕಥೆಯನ್ನು ಎಷ್ಟೋ ಸಂಜೆ ಓದಿದ್ದರು.

ಹೀಗೆ ಶುರುವಾಯಿತು. ಓದುವುದು, ಮುಚ್ಚುವುದು, ನಮ್ಮ ಮಾತಿನಲ್ಲಿ ಹೇಳುವುದು. ಅಕ್ಕಾರಿಗೆ ಮಂಡಿನೋವು ಹೆಚ್ಚಾಗಿ ಬಸ್ಸು ಹತ್ತಲಾಗದಂತಾದಾಗ, "ಇನ್ನ ಮ್ಯಾಲ ಗುರುವಾರದ್ದು ನೀವ ನಡಸ್ರಿ" ಎಂದು ನನಗೆ ಹೇಳಿದರು. ನಾನು ಆಗುವುದಿಲ್ಲ ಎಂದೆ. ಓದಲು ಬರುವವರು ನೀವೊಬ್ಬರೇ ಇದ್ದೀರಿ, ಓದ್ರಿ ಸಾಕು, ಹೇಳುವುದನ್ನು ಉಳಿದವರು ಹೇಳುತ್ತಾರೆ ಎಂದರು. ಮೊದಮೊದಲು ನನ್ನ ದನಿ ಬಾಗಿಲವರೆಗೂ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯಾಕೆ ನನ್ನ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿ, ಹಿಂದಿನವರಿಗೆ ಗಟ್ಟಿಯಾಗಿ ಹೇಳುತ್ತಿದ್ದಳು. ಬುದ್ಧನ ಮನೆಯವಳ ಬಾಯಿಂದ ಬೈಬಲ್ ಕೇಳಿದ ಸಭೆ ನಮ್ಮದೊಂದೇ ಇರಬೇಕು.

ಇನ್ನು ನಾನು ಹೇಳಬೇಕೆಂದಿರುವುದು ಹಿರಿಯಕ್ಕನ ಮನೆಯ ಸಂಗತಿ. ಹಿರಿಯಕ್ಕ ನನಗಿಂತ ದೊಡ್ಡವಳು, ನಮ್ಮ ಸಭೆಯವಳೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ. ಅವನಿಗೆ ಸಂಗೊಳ್ಳಿ ಕಡೆಯ ಹುಡುಗಿಯನ್ನು ತಂದಿದ್ದಳು. ಆ ಹುಡುಗಿಗೆ ದಿನ ನಿಂತು, ಮನೆಯಲ್ಲಿ ಎಲ್ಲರೂ ಸಂತೋಷದಲ್ಲಿದ್ದಾಗ, ಕಬ್ಬು ಹೇರಿದ ಟ್ರ್ಯಾಕ್ಟರ್ ಹಳ್ಳದ ದಂಡೆಯಲ್ಲಿ ಮಗುಚಿ ಮಗ ಹೋದ. ಹೊಟ್ಟೆಯಲ್ಲಿ ಕೂಸಿತ್ತು. ಮನೆಯಲ್ಲಿ ಇಬ್ಬರು ಹೆಂಗಸರು ಉಳಿದರು. ಇಬ್ಬರ ಕೈಯೂ ಬರಿದು.

ನಮ್ಮ ಕಡೆ ಬಸುರಿಯನ್ನು ತವರಿಗೆ ಕಳಿಸುವ ಮುಂಚೆ ಕುಬಸ ಮಾಡುತ್ತಾರೆ. ನೀವು ನೋಡಿದ್ದೀರಿ. ಹಸಿರು ಸೀರೆ, ಹಸಿರು ಬಳೆ, ಹಾಡು. ಕೊನೆಗೆ ಉಡಿ ತುಂಬುವುದು. ಆಕೆ ಸೆರಗನ್ನು ಎರಡೂ ಕೈಯಿಂದ ಬೊಗಸೆಯಂತೆ ಹೊಟ್ಟೆಯ ಮುಂದೆ ಹಿಡಿಯುತ್ತಾಳೆ. ಮುತ್ತೈದೆಯರು, ಅಂದರೆ ಗಂಡ ಬದುಕಿರುವ ಹೆಂಗಸರು, ಅದರಲ್ಲಿ ಕಾಳು, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕುತ್ತಾರೆ. ತುಂಬಿಸಿಕೊಂಡವಳು ಅದರಲ್ಲೊಂದು ಹಿಡಿ ತೆಗೆದು ಮರಳಿ ಮರದಲ್ಲಿ ಹಾಕಿ ಹೋಗುತ್ತಾಳೆ. ಮರ ಅಂದರೆ ಕಾಳು ಕೇರುವ ಮರ. ಆ ಒಂದು ಹಿಡಿ, ನಾನು ಮರಳಿ ಬರುತ್ತೇನೆ ಎನ್ನುವ ಗುರುತು. ನಮ್ಮ ಹಿರಿಯರು ಸಭೆಗೆ ಸೇರಿದಾಗ ಕುಂಕುಮ ಬಿಟ್ಟರು, ಜಾತ್ರೆ ಬಿಟ್ಟರು. ಉಡಿಯನ್ನು ಮಾತ್ರ ಬಿಡಲಿಲ್ಲ. ಉಡಿಯ ಕಟ್ಟಳೆಯನ್ನೂ ಬಿಡಲಿಲ್ಲ. ಗಂಡ ಸತ್ತವಳು ಉಡಿ ತುಂಬುವಂತಿಲ್ಲ, ಆಕೆಯ ಉಡಿಯನ್ನು ಯಾರೂ ತುಂಬುವಂತಿಲ್ಲ.

ನಿಮ್ಮ ಅವ್ವನ ಕುಬಸದ ದಿನ ನಾನು ಬೀಗರ ಅಡುಗೆಮನೆಯಲ್ಲಿದ್ದೆ. ಅಜ್ಜ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊರಗೆ ಹಾಡುತ್ತಿದ್ದರು. ನಾನು ಬಾಗಿಲ ಸಂದಿಯಿಂದ ನೋಡಿದೆ, ಮಗಳ ಸೆರಗಿನಲ್ಲಿ ಬೇರೆಯವರ ಕೈಗಳು ಕಾಳು ಹಾಕುತ್ತಿದ್ದವು. ಯಾರೂ ನನ್ನನ್ನು ಬೈದು ಒಳಗೆ ಕಳಿಸಿರಲಿಲ್ಲ. ನಾನೇ ಹೋಗಿ ನಿಂತಿದ್ದೆ. ಅದು ಹಾಗೆಯೇ ಎಂದು ನನಗೂ ಗೊತ್ತಿತ್ತು. ಆ ಹೊಟ್ಟೆಯಲ್ಲಿ ಇದ್ದದ್ದು ನಿಮ್ಮಲ್ಲಿ ದೊಡ್ಡವಳು.

ಹಿರಿಯಕ್ಕನ ಸೊಸೆಗೆ ಏಳು ತಿಂಗಳು ತುಂಬಿತು. ತವರಿನವರು ಕರೆದೊಯ್ಯಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಕುಬಸದ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಮುಂಜಾನೆ ನೀರಿನ ಟಾಕಿಯ ಹತ್ತಿರ ಆ ಹುಡುಗಿ ನನ್ನ ಕೊಡದ ಪಕ್ಕ ತನ್ನ ಕೊಡ ಇಟ್ಟು ನಿಂತಳು.

"ಆಯಿ, ಒಂದು ಮಾತ ಕೇಳ್ಲಿ?"

"ಕೇಳವ್ವಾ."

"ಬರೀ ಉಡೀಲೆ ಹೋದಾಕಿ ನಾಳೆ ಕೂಸಿನ್ನ ಎತಗೊಂಡು ಈ ಮನಿಗೆ ಹೆಂಗ ಬರಬೇಕ್ರಿ? ಬಾ ಅಂತ ಯಾರೂ ಹೇಳಿ ಕಳಿಸಿಲ್ಲಲ್ಲ, ಅಂತಾರ ಮಂದಿ. ಕೂಸಿಗೂ ಹಂಗ ಅಂತಾರ."

ಕೊಡ ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ನಾನು ನಳ ನಿಲ್ಲಿಸಿದೆ. ಆಕೆ ಹಟ ಹಿಡಿದು ಕೇಳುತ್ತಿರಲಿಲ್ಲ. ಹಸಿರು ಸೀರೆ ಬೇಡ, ಹಾಡು ಬೇಡ. ಈ ಮನೆ ತನ್ನದು, ಹೊಟ್ಟೆಯ ಕೂಸು ಈ ಮನೆಯದು ಎಂದು ಯಾರಾದರೂ ಒಂದು ಹಿಡಿ ಕಾಳಿನಿಂದ ಹೇಳಬೇಕಾಗಿತ್ತು.

ಆ ಸಂಜೆ ಹಿರಿಯಕ್ಕನ ಕಟ್ಟೆಯ ಮೇಲೆ ಕೂತಾಗ ನಾನೇ ಮೆಲ್ಲಗೆ ಮಾತು ತೆಗೆದೆ. ಆಕೆ ಶೇಂಗಾ ಸುಲಿಯುತ್ತಿದ್ದಳು.

"ಯಾರು ತುಂಬಬೇಕ ತಂಗಿ? ನಾನೂ ಮುಂಡಿ, ಆಕೀನೂ ಮುಂಡಿ. ಓಣ್ಯಾಗಿನ ಮುತ್ತೈದ್ಯಾರಿಗೆ ಬರ್ರಿ ಅಂದ್ರ ಒಬ್ಬಾಕಿಗೆ ತಲಿನೋವು ಬರತೈತಿ, ಒಬ್ಬಾಕಿಗೆ ರಾಮದುರ್ಗಕ್ಕ ಹೋಗೂದು ಬರತೈತಿ."

"ಹಂಗಂತ..."

"ನನಗೇನ ಮನಸಿಲ್ಲಂತ ತಿಳದೀ ಏನ? ಹೊಟ್ಟ್ಯಾಗ ಇರೂದು ನನ್ನ ಮಗನ ಕೂಸು. ಅದಕ್ಕೇನಾರ ಆದ್ರ? ಮುಂಡೇರ ಕೈ ತಾಗಿ ಏನಾರ ಆತು ಅಂದ್ರ ನಾ ಯಾರ ಮುಂದ ಅಳಲಿ?" ಆಕೆ ಸಿಪ್ಪೆಯನ್ನು ಊದಿ ಹಾರಿಸಿದಳು. "ವೇದದಾಗ ಎಲ್ಲಾರ ಬರದಿದ್ರ ಧೈರ್ಯಾ ಮಾಡತಿದ್ದೆ. ಇಲ್ಲಲ್ಲ. ಉಡಿ ನಮ್ಮ ಮಂದೀದು, ವೇದದ್ದಲ್ಲ."

ನಾನು ಹೌದೆಂದು ಗೋಣು ಹಾಕಿ ಮನೆಗೆ ಬಂದೆ. ನನಗೂ ಹಾಗೆಯೇ ಅನಿಸಿತ್ತು.

ಮುಂದಿನ ಗುರುವಾರಕ್ಕೆ ಬಂದ ಕಥೆಯನ್ನು ನಾನು ಆರಿಸಿದ್ದಲ್ಲ. ಅಕ್ಕಾರು ಹೇಳಿಕೊಟ್ಟ ಸಾಲಿನಲ್ಲಿ ಓದುತ್ತ ಬಂದು ಅಲ್ಲಿಗೆ ಮುಟ್ಟಿದ್ದೆವು. ಬರಗಾಲದಲ್ಲಿ ಊರು ಬಿಟ್ಟು ಪರದೇಶಕ್ಕೆ ಹೋದ ಒಂದು ಮನೆತನ. ಅಲ್ಲಿ ಗಂಡ ಸತ್ತ, ಮದುವೆಯಾದ ಇಬ್ಬರು ಗಂಡುಮಕ್ಕಳೂ ಸತ್ತರು. ಮುದುಕಿ ಬರಿಗೈಯಲ್ಲಿ ತನ್ನೂರಿಗೆ ಹೊರಟಳು. ತವರಿಗೆ ಹೋಗು ಎಂದರೂ ಕೇಳದೆ ಒಬ್ಬ ಸೊಸೆ ಆಕೆಯ ಬೆನ್ನು ಹತ್ತಿ ಬಂದಳು. ಸುಗ್ಗಿಯ ಕಾಲ. ಸೊಸೆ ಪರರ ಹೊಲದಲ್ಲಿ ಹಕ್ಕಲು ಆಯ್ದು, ಅಂದರೆ ಕೊಯ್ಯುವವರ ಹಿಂದೆ ಬಿದ್ದ ತೆನೆ ಆರಿಸಿ, ಅತ್ತೆಯನ್ನು ಸಾಕಿದಳು. ಹೊಲದ ಒಡೆಯ ಸತ್ತ ಗಂಡನ ಸಂಬಂಧಿ. ಅವನು ಆಳುಗಳಿಗೆ ಹೇಳಿ ಬೇಕೆಂದೇ ತೆನೆ ಬೀಳಿಸಿದ.

ಇಷ್ಟು ಓದಿ ಪುಸ್ತಕ ಮುಚ್ಚಿ ಹೇಳಲು ತೊಡಗಿದೆ. ಅದಕ್ಕೆ ಹೆಂಗಸರು ಬಹಳ ಖುಷಿಪಟ್ಟರು. ಜೋಳದ ಹಕ್ಕಲು ಆಯದವಳು ಅಲ್ಲಿ ಯಾರಿದ್ದರು? ಹೊಸ ಸೊಸೆಯಂದಿರು ಹೇಗೆ ದೊಡ್ಡ ತೆನೆ ಕಂಡರೂ ನಾಚಿ ಬಿಡುತ್ತಾರೆ, ಹಳಬರು ಹೇಗೆ ಮಂಡಿಯಡಿ ಮುಚ್ಚಿಕೊಳ್ಳುತ್ತಾರೆ ಎಂದು ಮಾತು ಬೆಳೆಯಿತು. ಹಿರಿಯಕ್ಕ ಗೋಡೆಗೆ ಒರಗಿ ಸುಮ್ಮನೆ ಕೇಳುತ್ತಿದ್ದಳು. ಸೊಸೆ ಬಾಗಿಲ ಹತ್ತಿರ, ಕಾಲು ಚಾಚಿ, ಹೊಟ್ಟೆಯ ಮೇಲೆ ಕೈ ಇಟ್ಟು ಕೂತಿದ್ದಳು.

ಮುಂದೆ ಬರುವುದು ಕಣದ ಭಾಗ. ನೀವು ಕಣವನ್ನು ನೋಡಿಲ್ಲ. ಈಗ ಮಷಿನ್ ಬಂದು ಹೊಲದಲ್ಲೇ ಒಕ್ಕಿ ಚೀಲ ತುಂಬಿಕೊಡುತ್ತದೆ. ನಾನು ಮದುವೆಯಾಗಿ ಬಂದಾಗ ನೆಲ ಸವರಿ, ಸೆಗಣಿ ಸಾರಿಸಿ, ಎತ್ತು ತಿರುಗಿಸಿ ತುಳಿಸುತ್ತಿದ್ದರು. ರಾಶಿ ಎಂದರೆ ದೇವರ ಸಮಾನ. ಚಪ್ಪಲಿ ಹಾಕಿ ಹತ್ತಿರ ಹೋಗುವಂತಿರಲಿಲ್ಲ. ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. ಗಂಡ ಸತ್ತವಳು ಅಳೆಯುವ ಹೊತ್ತಿಗೆ ಆ ಕಡೆ ಸುಳಿಯುತ್ತಿರಲಿಲ್ಲ.

ಕಥೆಯಲ್ಲಿ ಅತ್ತೆ ಸೊಸೆಗೆ ಹೇಳುತ್ತಾಳೆ: ನೀರು ಎರೆದುಕೋ, ಒಳ್ಳೆ ಬಟ್ಟೆ ಉಟ್ಟುಕೋ, ಇರುಳು ಕಣದಲ್ಲಿ ಮಲಗಿರುವ ಆ ಒಡೆಯನ ಕಾಲ ಹತ್ತಿರ ಹೋಗಿ ಮಲಗು, ನಮ್ಮನ್ನು ಕಾಯುವ ಹಕ್ಕು ನಿನ್ನದು ಎಂದು ಕೇಳು. ಇದನ್ನು ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

"ತಡೀರಿ ಚಿಗವ್ವಾ," ಎಂದಳು ಪಕ್ಕದ ಮನೆಯಾಕೆ. "ಅತ್ತೀನ ಕಳಿಸಿದ್ಲಾ?"

"ಹೌದವ್ವಾ."

"ಸ್ವಂತ ಅತ್ತಿ?"

"ಬರದೈತಿ ಹಂಗ."

"ನನ್ನ ಅತ್ತಿ ನನ್ನನ್ನ ಸಂತಿಗೆ ಸೈತ ಒಬ್ಬಾಕೀನ್ನ ಕಳಸಂಗಿಲ್ಲಲ್ರಿ."

ಪಡಸಾಲೆಯೆಲ್ಲ ನಕ್ಕಿತು. ನನಗೆ ಆ ರಾತ್ರಿಯ ಭಾಗವನ್ನು ಬೇಗ ದಾಟಿಬಿಡಬೇಕಾಗಿತ್ತು. ಆತ ಒಳ್ಳೆಯ ಮನುಷ್ಯ, ಹೆದರಬೇಡ, ಲಗ್ನದ ಮಾತು ನೋಡುತ್ತೇನೆ ಎಂದ, ಆಯಿತು, ಬೆಳಗಾಯಿತು ಎಂದು ಓಡಿಸಿದೆ. ನಸುಕಿನಲ್ಲಿ ಆತ ಆಕೆಯನ್ನು ಕಳಿಸುವಾಗ, ನಿನ್ನ ಹೊದಿಕೆಯನ್ನು ಚಾಚಿ ಹಿಡಿ ಎನ್ನುತ್ತಾನೆ, ರಾಶಿಯಿಂದ ಅಳೆದು ಅದರಲ್ಲಿ ಕಾಳು ಹಾಕುತ್ತಾನೆ. ಪುಸ್ತಕದಲ್ಲಿ ಅದು ಒಂದು ಸಣ್ಣ ಮಾತು. ಎಷ್ಟೋ ಸಲ ಓದಿದ್ದೆ, ಕಣ್ಣು ಅದರ ಮೇಲೆ ನಿಂತಿರಲಿಲ್ಲ. ಆದರೆ ನಾನು ಈಗ ಓದುತ್ತಿರಲಿಲ್ಲ, ಹೇಳುತ್ತಿದ್ದೆ.

"ಹಿಡಿ ಅಂದ. ಆಕಿ ಹಿಂಗ ಹಿಡದ್ಲು."

ತೋರಿಸಲು ನನ್ನ ಕೈ ತಾನಾಗಿ ಸೆರಗನ್ನು ಹಿಡಿದು ಹೊಟ್ಟೆಯ ಮುಂದೆ ತಂದಿತು. ಎರಡೂ ಕೈ, ಬೊಗಸೆಯಂತೆ. ನಾನು ಕೆಳಗೆ ನೋಡಿದೆ.

ಅಜ್ಜ ಹೋದಾಗಿನಿಂದ ನಾನು ಸೆರಗನ್ನು ಹಾಗೆ ಹಿಡಿದಿರಲಿಲ್ಲ. ಹಿಡಿಯಲು ಕಾರಣವೇ ಬಂದಿರಲಿಲ್ಲ. ಪಡಸಾಲೆಯಲ್ಲಿ ಎಲ್ಲರ ಕಣ್ಣೂ ನನ್ನ ಕೈಯ ಮೇಲಿತ್ತು. ಅದು ಏನೆಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

ಮೊದಲು ಮಾತಾಡಿದವಳು ಹಿರಿಯಕ್ಕ. ಗೋಡೆಯನ್ನು ಬಿಟ್ಟು ನೆಟ್ಟಗೆ ಕೂತಿದ್ದಳು.

"ಉಡಿ ತುಂಬಿದ್ನಾ?"

"ತುಂಬಿದ ಎಕ್ಕಾ."

"ಆಕಿಗೆ? ಗಂಡ ಸತ್ತಾಕಿಗೆ?"

"ಹೌದು. ಇನ್ನೂ ಎರಡನೇ ಲಗ್ನ ಆಗಿದ್ದಿಲ್ಲ. ಆವಾಗ ಆಕಿ ಹಂಗಽ ಇದ್ಲು. ನಮ್ಮಂಗ."

"ಕಣದಾಗ ನಿಂತು? ರಾಶಿ ಕಾಳು?"

"ರಾಶೀದ."

"ತುಂಬಿದಾಂವ ಗಂಡಸು. ನಮ್ಮಲ್ಲಿ ಉಡಿ ಗಂಡಸರು ತುಂಬೂದಿಲ್ಲ" ಎಂದಳು ಹಿರಿಯಕ್ಕ.

"ಹೆಂಗಸರು ಯಾರೂ ಮುಂದ ಬರಲಿಲ್ಲಂತ ಕಾಣತೈತಿ ದೊಡ್ಡವ್ವಾ," ಎಂದಳು ಪಕ್ಕದ ಮನೆಯಾಕೆ. ಈ ಸಲ ಯಾರೂ ನಗಲಿಲ್ಲ. ಆಕೆಯೂ ನಗಿಸಲು ಹೇಳಿರಲಿಲ್ಲ.

"ಯಾಕ ಕೊಟ್ಟ ಅಂತ ಬರದೈತೇನ?" ಎಂದು ಹಿರಿಯಕ್ಕ ಕೇಳಿದಳು.

ನನಗೆ ಅದು ನೆನಪಿತ್ತು. ಆದರೂ ಪುಸ್ತಕ ತೆಗೆದು ಬೆರಳಿಟ್ಟು ನೋಡಿ ಹೇಳಿದೆ. "ಅತ್ತಿ ಕಡೆ ಬರಿಗೈಲೆ ಹೋಗಬ್ಯಾಡ ಅಂದನಂತ. ಕಾಳು ಅತ್ತಿಗೂ ಸೇರಿ ಕೊಟ್ಟದ್ದು."

"ಅತ್ತಿಗೆ," ಎಂದಳು ಹಿರಿಯಕ್ಕ. ಕೇಳಿದ್ದಲ್ಲ, ತನ್ನೊಳಗೇ ಹೇಳಿಕೊಂಡದ್ದು. ಆಮೇಲೆ ಎದ್ದಳು. "ಎಮ್ಮಿ ಹಿಂಡೂ ಹೊತ್ತಾತು." ಬೆಳಕಿಂಡಿಯ ಬಿಸಿಲು ಇನ್ನೂ ಪಡಸಾಲೆಯ ನಡುವೆಯೇ ಇತ್ತು, ಎಮ್ಮೆ ಹಿಂಡುವ ಹೊತ್ತು ಬಹಳ ದೂರ. ಸೊಸೆ ಗೋಡೆ ಹಿಡಿದು ಎದ್ದು ಹಿಂದೆಯೇ ಹೋದಳು. ನನ್ನ ಮುಖ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಪುಸ್ತಕವನ್ನು ಮತ್ತೆ ತೆಗೆದೆ. ಆ ಮಾತು ಅಲ್ಲೇ ಇತ್ತು. ನಾನು ಕೂಡಿಸಿ ಹೇಳಿರಲಿಲ್ಲ. ಹೊದಿಕೆ, ಕಣ, ಅಳತೆ, ಅತ್ತೆ. ಎಲ್ಲವೂ ಅಜ್ಜ ಓದುತ್ತಿದ್ದ ಕಾಲದಿಂದ, ಅದಕ್ಕೂ ಎಷ್ಟೋ ಹಿಂದಿನಿಂದ, ಅಲ್ಲೇ ಇದ್ದವು. ಅದನ್ನು ಯಾರು ನೋಡಿ ಬರೆದರು? ನಸುಕಿನಲ್ಲಿ ಒಬ್ಬ ಬಡ ಹೆಂಗಸು ಬಟ್ಟೆ ಚಾಚಿ ಹಿಡಿದದ್ದನ್ನು ಬರೆದಿಡಬೇಕೆಂದು ಯಾರಿಗೆ ಅನಿಸಿತು? ಯಾವುದೋ ಹೆಂಗಸು ತನ್ನ ಮೊಮ್ಮಕ್ಕಳಿಗೆ ಹೇಳಿರಬೇಕು ಎಂದು ನಾನು ಅಂದುಕೊಂಡಿದ್ದೇನೆ.

ಮದುವೆಯಾಗಿ ಮೊದಲ ಸಲ ಈ ಊರಿಗೆ ಬರುವಾಗ ಸವದತ್ತಿಯ ಹತ್ತಿರ ಬಸ್ಸಿನ ಕಿಟಕಿಯಿಂದ ನವಿಲುತೀರ್ಥದ ಹಿನ್ನೀರು ಕಂಡಿತ್ತು. ಅಲ್ಲಿಯವರೆಗೆ ನಾನು ಬಾವಿಯ ನೀರು, ಹಳ್ಳದ ನೀರು ನೋಡಿದವಳು. ಕರಿ ನೆಲ, ಕುರುಚಲು ಗಿಡ, ಅದರಾಚೆ ಒಮ್ಮೆಲೇ ಕಣ್ಣು ಮುಟ್ಟುವವರೆಗೂ ನೀರು. ಇಷ್ಟು ನೀರು ನಮ್ಮ ಹತ್ತಿರದಲ್ಲೇ ಇತ್ತು, ನನಗೆ ಗೊತ್ತೇ ಇರಲಿಲ್ಲ ಎಂದು ಮೈ ಜುಮ್ಮೆಂದಿತ್ತು. ಅಂದು ಪಡಸಾಲೆಯಲ್ಲಿ ಒಬ್ಬಳೇ ಕೂತಾಗ ಅದೇ ಜುಮ್ಮು ಬಂತು. ಸಂತೋಷ ಎನ್ನಲಾರೆ. ಅದರಲ್ಲಿ ಅಂಜಿಕೆಯೂ ಇತ್ತು. ಬಾಗಿಲ ಮರೆಯಲ್ಲಿ ನಿಂತವಳನ್ನು ದೇವರು ಇಷ್ಟು ಹೊತ್ತೂ ನೋಡುತ್ತಲೇ ಇದ್ದ ಎಂದು ತಿಳಿದಂಥ ಅಂಜಿಕೆ.

ಆದರೆ ಹಿರಿಯಕ್ಕ ಟಾಕಿಯ ಹತ್ತಿರ ಸಿಕ್ಕಾಗ ಎಮ್ಮೆಯ ಮಾತಾಡಿದಳು, ಬಿಸಿಲಿನ ಮಾತಾಡಿದಳು. ಸೊಸೆ ಕೊಡ ಎತ್ತಿಕೊಂಡು ಮುಂದೆ ಹೋದಳು. ನಾನು ಕಥೆ ಹೇಳಿ ಆ ಹುಡುಗಿಗೆ ಸುಮ್ಮನೆ ಆಸೆ ಹಚ್ಚಿದೆನೇನೋ ಎಂದು ನನಗೆ ಊಟ ಸೇರಲಿಲ್ಲ.

ಹುಡುಗಿಯ ಅಣ್ಣ ಟಂಟಂ ಗಾಡಿ ತೆಗೆದುಕೊಂಡು ಬಂದ ದಿನ ನಾನೂ ಪಕ್ಕದ ಮನೆಯಾಕೆಯೂ ಕಳಿಸಲು ಹೋದೆವು. ಓಣಿಯ ಬೇರೆ ಹೆಂಗಸರು ತಮ್ಮ ತಮ್ಮ ಕಟ್ಟೆಯ ಮೇಲೇ ನಿಂತಿದ್ದರು. ಚೀಲ ಹೊರಗೆ ಬಂತು. ಅಣ್ಣ ಅದನ್ನು ಗಾಡಿಯಲ್ಲಿಟ್ಟ. ಹುಡುಗಿ ಅತ್ತೆಯ ಕಾಲು ಮುಟ್ಟಿ ಎದ್ದಳು. ಹಿರಿಯಕ್ಕ ಒಳಗೆ ಹೋದಳು. ಹೊರಗೆ ಬರಲು ಎಷ್ಟು ತಡ ಮಾಡಿದಳೆಂದರೆ, ಅಳಲು ಹೋಗಿರಬೇಕು ಎಂದುಕೊಂಡು ಅಣ್ಣ ಗಾಡಿ ಚಾಲೂ ಮಾಡಿದ.

"ಬಂದ್ ಮಾಡೋ ಅದನ್ನ," ಎಂದಿತು ಒಳಗಿನಿಂದ ಹಿರಿಯಕ್ಕನ ದನಿ.

ಮರ ಹಿಡಿದುಕೊಂಡು ಬಂದಳು. ಅದರ ತುಂಬ ಜೋಳ. ಕೇರಿ, ಹಸನು ಮಾಡಿದ, ಮುತ್ತಿನಂಥ ಬಿಳಿಜೋಳ. ಅವರ ಹೊಲದ್ದು, ಮಗ ಬಿತ್ತಿದ ಕಡೆಯ ಬೆಳೆ. ಪಕ್ಕದಲ್ಲಿ ಒಂದು ಕೊಬ್ಬರಿ ಬಟ್ಟಲು, ಒಂದು ಬೆಲ್ಲದ ಹೆಂಟೆ. ಹೊಸ್ತಿಲ ಹತ್ತಿರ ನಿಂತು ಸೊಸೆಯನ್ನು ನೋಡಿದಳು.

"ಸೆರಗ ಹಿಡಿ."

ಹುಡುಗಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸೆರಗು ಕೈಯಲ್ಲಿ ಸರಿಯಾಗಿ ನಿಲ್ಲಲಿಲ್ಲ. ಪಕ್ಕದ ಮನೆಯಾಕೆ ಹೋಗಿ ಎರಡು ತುದಿಯನ್ನೂ ಆಕೆಯ ಕೈಯಲ್ಲಿ ಇಟ್ಟಳು. ಹಿರಿಯಕ್ಕ ಮರದಲ್ಲಿ ಕೈ ಹಾಕಿ, ಒಂದು ಹಿಡಿ ಎತ್ತಿ, ಸೆರಗಿನಲ್ಲಿ ಬಿಟ್ಟಳು.

"ಲಾಭ," ಎಂದಳು.

ಕಣದಲ್ಲಿ ಗಂಡಸರು ಹೇಳುತ್ತಿದ್ದ ಮಾತು. ಆಕೆಯ ಬಾಯಲ್ಲಿ ಅದನ್ನು ನಾನು ಎಂದೂ ಕೇಳಿರಲಿಲ್ಲ. ದನಿ ಓಣಿಯ ಕಟ್ಟೆಗಳವರೆಗೂ ಮುಟ್ಟಿತು.

ಆಮೇಲೆ ಮರವನ್ನು ನನ್ನ ಕಡೆ ತಿರುಗಿಸಿದಳು. "ಹಾಕ ತಂಗಿ. ಓದಿ ಹೇಳಿದಾಕಿ ನೀನ. ಈಗ ಹಿಂದ ಸರದು ನಿಂತ್ರ ಬಿಡಂಗಿಲ್ಲ."

ನಾನು ಹಿಂದೆ ಸರಿದು ನಿಂತದ್ದು ನಿಜ. ನನಗೇ ತಿಳಿಯದೆ ಬಾಗಿಲ ಮರೆಗೆ ಹೋಗಿದ್ದೆ. ಮುಂದೆ ಬಂದೆ. ಮಗಳ ಉಡಿಯಲ್ಲಿ ಹಾಕಬೇಕಾಗಿದ್ದ ಒಂದು ಹಿಡಿಯನ್ನು ಆ ಹುಡುಗಿಯ ಉಡಿಯಲ್ಲಿ ಹಾಕಿದೆ. ಕಾಳು ಬೀಳುವ ಸಪ್ಪಳ ಸಣ್ಣ ಮಳೆಯಂತಿತ್ತು. ಪಕ್ಕದ ಮನೆಯಾಕೆ ತನ್ನ ಹಸಿರು ಬಳೆಯ ಕೈಯನ್ನು ಮರದಲ್ಲಿ ಹಾಕಿ, ತುಂಬ ಎತ್ತಿಕೊಂಡಳು.

"ನಿಮ್ಮ ದೇವರು ತಡಾ ಮಾಡಿ ಹೇಳಿದ, ಆದ್ರ ಚೊಲೋ ಹೇಳಿದ," ಎಂದು ಹಾಕಿದಳು. ಎದುರು ಮನೆಯ ಕಟ್ಟೆಯಿಂದ ಒಬ್ಬಾಕೆ ಇಳಿದು ಬಂದಳು. ಉಳಿದವರು ಬರಲಿಲ್ಲ. ಆದರೆ ಒಳಗೂ ಹೋಗಲಿಲ್ಲ, ನಿಂತು ನೋಡಿದರು.

ಸೆರಗು ತುಂಬಿತು. ಇನ್ನು ಆಕೆ ಒಂದು ಹಿಡಿಯನ್ನು ಮರದಲ್ಲಿ ಮರಳಿ ಹಾಕಬೇಕು. ಹಿರಿಯಕ್ಕ ಮರವನ್ನು ಮುಂದೆ ಹಿಡಿದಳು. ಹುಡುಗಿ ಒಂದು ಕೈಯಿಂದ ಸೆರಗನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಕಾಳು ಎತ್ತಿದಳು. ಎತ್ತಿ, ಮರದ ಮೇಲೆ ತಂದು, ನಿಲ್ಲಿಸಿದಳು.

"ಇದರಾಗ ಹಾಕಂಗಿಲ್ಲ. ನೀವು ಸೆರಗ ಹಿಡೀರಿ ಅತ್ತಿ."

"ಹುಚ್ಚಿ, ನನಗ್ಯಾಕ?"

"ಕಥ್ಯಾಗ ಹಂಗ ಐತಿ. ಹೌದಿಲ್ರಿ ಆಯಿ?"

ನಾನು ಹೌದೆಂದೆ. ಈ ಸಲ ನನ್ನ ದನಿ ಎಲ್ಲರಿಗೂ ಕೇಳಿಸಿತು. ಹಿರಿಯಕ್ಕ ಮರವನ್ನು ನನ್ನ ಕೈಗೆ ಕೊಟ್ಟಳು. ಆ ಒಣಗಿದ, ಗಂಟುಗಂಟಾದ ಕೈಗಳು ಸೆರಗಿನ ತುದಿಯನ್ನು ಹುಡುಕಿ, ಹಿಡಿದು, ಹೊಟ್ಟೆಯ ಮುಂದೆ ಚಾಚಿದವು. ಮರೆತಿರಲಿಲ್ಲ. ಸೊಸೆ ತನ್ನ ಉಡಿಯ ಕಾಳನ್ನು ಅತ್ತೆಯ ಉಡಿಯಲ್ಲಿ ಹಾಕಿದಳು.

"ಕೂಸಿನ್ನ ಕರಕೊಂಡು ಬರತೇನ್ರಿ," ಎಂದಳು.

"ಬಾ," ಎಂದಳು ಹಿರಿಯಕ್ಕ. "ಬರದಿದ್ರ ನಾನ ಬಸ್ ಹತ್ತಿ ಬರತೇನಿ."

ಟಂಟಂ ಓಣಿಯ ತಿರುವು ದಾಟುವವರೆಗೂ ಆಕೆ ಸೆರಗನ್ನು ಹಾಗೆಯೇ ಹಿಡಿದು ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಅದರಲ್ಲಿ ಅರ್ಧ ನನ್ನ ಸೆರಗಿಗೆ ಸುರಿದಳು. ನಾನು ಬೇಡ ಎನ್ನಲಿಲ್ಲ.

ಆ ಜೋಳವನ್ನು ಎಲ್ಲಿಟ್ಟಿದ್ದೀ ತೋರಿಸು ಎಂದು ನೀವು ಕೇಳುತ್ತೀರಿ. ಇಟ್ಟಿಲ್ಲ. ಮನೆಯ ಜೋಳದಲ್ಲಿ ಕೂಡಿಸಿ ಬೀಸಿಸಿ ರೊಟ್ಟಿ ಮಾಡಿ ತಿಂದೆ. ಕಥೆಯ ಅತ್ತೆಯೂ ತಿಂದೇ ಇರಬೇಕು, ಹಸಿದಿದ್ದಳಲ್ಲ. ಇನ್ನು ಆ ಕೂಸು ಯಾರೆಂದು ನಿಮಗೆ ಗೊತ್ತೇ ಇದೆ. ರಜೆಯಲ್ಲಿ ಬಂದಾಗ ಗುರುವಾರ ಪಡಸಾಲೆಯಲ್ಲಿ ಎಲ್ಲರ ನಡುವೆ ಅಂಬೆಗಾಲಿಟ್ಟು ಬಂದು ನಿಮ್ಮ ಮೊಬೈಲಿನ ವಾಯರ್ ಕಚ್ಚಿದಳಲ್ಲ, ಅವಳೇ. ಅವಳನ್ನು ಎತ್ತಿಕೊಳ್ಳಲು ಬಂದು, "ನನ್ನ ಮಗನ ಮಗಳು, ಬಾಯಿ ಜೋರೈತಿ" ಎಂದು ನಿಮಗೆ ಹೇಳಿದ ಮುದುಕಿ ಹಿರಿಯಕ್ಕ.